76 ಸಲ ನೆಲಕ್ಕೆ ಬಿದ್ದ ಕ್ವಾರ್ಟರ್‌ಬ್ಯಾಕ್: ಡೇವಿಡ್ ಕಾರ್ ಪ್ರಕರಣ

ಅಮೆರಿಕನ್ ಫುಟ್‌ಬಾಲ್‌ನ ಶಿಕಾಗೊ ಬೇರ್ಸ್ ತಂಡಕ್ಕೆ 2024ರಲ್ಲಿ ಹೊಸದಾಗಿ ಬಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಕೇಲೆಬ್ ವಿಲಿಯಮ್ಸ್ ಆ ಒಂದೇ ಸೀಸನ್‌ನಲ್ಲಿ 68 ಸಲ ಸ್ಯಾಕ್ ಆದರು. ಅಂದರೆ ಚೆಂಡು ಎಸೆಯುವ ಮೊದಲೇ ಎದುರಾಳಿಗಳು ನುಗ್ಗಿ ಬಂದು ಕೆಡವಿದರು. ಲೆಕ್ಕ ಏರುತ್ತಿದ್ದ ಹಾಗೆ ಅಮೆರಿಕದ ಫುಟ್‌ಬಾಲ್ ಅಭಿಮಾನಿಗಳ ಬಾಯಲ್ಲಿ ಒಂದು ಹಳೇ ಹೆಸರು ಮತ್ತೆ ಓಡಾಡತೊಡಗಿತು. ಡೇವಿಡ್ ಕಾರ್.

ಯಾರಾದರೂ ಎಳೆಯ ಕ್ವಾರ್ಟರ್‌ಬ್ಯಾಕ್ ವಾರವಾರವೂ ಏಟು ತಿನ್ನುತ್ತಿದ್ದರೆ ಈ ಹೆಸರು ಬಂದೇ ಬರುತ್ತದೆ. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ತಂಡದಲ್ಲಿ ಡೇವಿಡ್ 76 ಸಲ ಸ್ಯಾಕ್ ಆಗಿದ್ದರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಒಂದು ಸೀಸನ್‌ನ ದಾಖಲೆ ಅದು. 2005ರಲ್ಲಿ ಮತ್ತೆ 68 ಸಲ. ವಿಲಿಯಮ್ಸ್ ಸರಿಗಟ್ಟಿದ್ದು ಈ 68ನ್ನೇ. ಹ್ಯೂಸ್ಟನ್‌ನ ಐದು ವರ್ಷದಲ್ಲಿ ಒಟ್ಟು 249 ಸ್ಯಾಕ್. 75 ಪಂದ್ಯ ಶುರು ಮಾಡಿ (ಅಂದರೆ ಆರಂಭದಿಂದಲೇ ಕಣದಲ್ಲಿದ್ದು) ಗೆದ್ದದ್ದು 22, ಸೋತದ್ದು 53.

ಅಭಿಮಾನಿಗಳ ಮಾತು ಮಾತ್ರ ಪೂರ್ತಿ ತಿರುಗಿದೆ. 2007ರಲ್ಲಿ ತಂಡ ಕೈಬಿಟ್ಟಾಗ ಡೇವಿಡ್ ಹೆಸರಿನ ಮುಂದೆ ಇದ್ದದ್ದು ಒಂದೇ ಪದ: ಬಸ್ಟ್. ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವಾಗ, ಮೊದಲ ಆಯ್ಕೆಯಾಗಿ ಬಂದು ಮುಗ್ಗರಿಸಿದವನು ಅಂತ. ಈಗ ಕೇಳಿದರೆ, ‘ಅಯ್ಯೋ ಪಾಪ, ಅವನ ಮುಂದೆ ಕಾಯೋ ಲೈನೇ ಇರಲಿಲ್ಲ, ಯಾರು ತಾನೇ ಆಡ್ತಿದ್ರು’ ಅನ್ನುವವರೇ ಜಾಸ್ತಿ. ಹಳೇ ಬೈಗುಳ ಅನ್ಯಾಯ ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ಈ ‘ಅಯ್ಯೋ ಪಾಪ’ ಕೂಡ ಸ್ವಲ್ಪ ಸುಲಭವಾಯಿತು. ಪ್ರಕರಣದ ಒಳಗೆ ಎರಡು ಅಂಕಿ ಇವೆ. ಒಂದು 2003ರದ್ದು, ಒಂದು 2006ರದ್ದು. ಅವೆರಡನ್ನೂ ಎದುರಿಗಿಟ್ಟುಕೊಂಡರೆ ಕಥೆ ಬೇರೆ ತರ ಕಾಣುತ್ತದೆ.

ಐದು ವರ್ಷ ಕಾದ ಊರು

ಹ್ಯೂಸ್ಟನ್‌ಗೆ ಮೊದಲು ಆಯ್ಲರ್ಸ್ ಅನ್ನೋ ತಂಡ ಇತ್ತು. 1996ರ ಸೀಸನ್ ಮುಗಿದ ಮೇಲೆ ಅದು ಟೆನೆಸಿಗೆ ಗುಳೆ ಹೋಯಿತು, ಆಮೇಲೆ ಟೈಟನ್ಸ್ ಅಂತ ಹೆಸರು ಬದಲಿಸಿಕೊಂಡಿತು. ಟೆಕ್ಸಸ್ ಅಂದರೆ ಫುಟ್‌ಬಾಲ್ ಹುಚ್ಚಿನ ರಾಜ್ಯ. ಅಲ್ಲಿನ ಅತಿ ದೊಡ್ಡ ನಗರ ಐದು ಸೀಸನ್ ತಂಡವೇ ಇಲ್ಲದೆ ಕೂತಿತ್ತು. 2002ರಲ್ಲಿ ಲೀಗ್‌ನ 32ನೇ ತಂಡವಾಗಿ ಟೆಕ್ಸನ್ಸ್ ಹುಟ್ಟಿತು. ಡ್ರಾಫ್ಟ್‌ನಲ್ಲಿ ಸಿಕ್ಕಿದ ಮೊಟ್ಟಮೊದಲ ಆಯ್ಕೆಯನ್ನು ಡೇವಿಡ್ ಕಾರ್ ಮೇಲೆ ಹೂಡಿದರು.

ಆ ಆಯ್ಕೆಯಲ್ಲಿ ತಪ್ಪೇನೂ ಇರಲಿಲ್ಲ. 2001ರಲ್ಲಿ ಫ್ರೆಸ್ನೊ ಸ್ಟೇಟ್ ಅನ್ನೋ ಅಷ್ಟೇನೂ ಹೆಸರಿಲ್ಲದ ಕಾಲೇಜು ತಂಡವನ್ನು ಹೊತ್ತು ಕೊಲರಾಡೊ, ಒರೆಗಾನ್ ಸ್ಟೇಟ್, ವಿಸ್ಕಾನ್ಸಿನ್ ಮೂರನ್ನೂ ಸೋಲಿಸಿದ್ದರು. ಆ ಸೀಸನ್‌ನಲ್ಲಿ 46 ಟಚ್‌ಡೌನ್ ಪಾಸ್ (ಎದುರಾಳಿಯ ಗೋಲ್ ಲೈನ್ ದಾಟಿಸಿ ಅಂಕ ತರುವ ಎಸೆತ) ಎಸೆದಿದ್ದರು. ತೋಳಿನಲ್ಲಿ ಬಲ ಇತ್ತು, ನಡವಳಿಕೆ ಮೆತ್ತಗಿತ್ತು.

2002ರ ಸೆಪ್ಟೆಂಬರ್ 8, ಮೊದಲ ಪಂದ್ಯ. ಎದುರಿಗೆ ಡಲ್ಲಾಸ್ ಕೌಬಾಯ್ಸ್, ಅದೇ ರಾಜ್ಯದ ದೊಡ್ಡಣ್ಣ. ಮೊದಲ ಸಲ ಚೆಂಡು ಕೈಗೆ ಬಂದಾಗಲೇ ಡೇವಿಡ್ 19 ಯಾರ್ಡ್ ದೂರದಿಂದ ಬಿಲ್ಲಿ ಮಿಲ್ಲರ್‌ಗೆ ಟಚ್‌ಡೌನ್ ಎಸೆದರು. ಟೆಕ್ಸನ್ಸ್ 19–10ರಿಂದ ಗೆದ್ದಿತು. ಹೊಸ ತಂಡವೊಂದು ಮೊದಲ ಪಂದ್ಯವನ್ನೇ ಗೆದ್ದದ್ದು 1961ರ ಮಿನೆಸೋಟ ವೈಕಿಂಗ್ಸ್ ನಂತರ ಇದೇ ಮೊದಲು. ಆ ರಾತ್ರಿ ಊರು ಮಲಗಿರಲಿಕ್ಕಿಲ್ಲ.

ಮುಂದಿನ ವಾರ ಸ್ಯಾನ್ ಡಿಯಾಗೊದಲ್ಲಿ 24–3ರ ಸೋಲು. ಒಂದೇ ಪಂದ್ಯದಲ್ಲಿ ಒಂಬತ್ತು ಸ್ಯಾಕ್.

ಬರಲೇ ಇಲ್ಲದ ಕಾವಲುಗಾರ

ಈ ಆಟ ನೋಡದವರಿಗೆ ಒಂದು ಮಾತು. ಕಬಡ್ಡಿಯಲ್ಲಿ ರೈಡರ್ ಒಬ್ಬನೇ ಹೋಗುತ್ತಾನೆ, ಹಿಡಿಯುವವರನ್ನು ಎದುರಿಗೇ ನೋಡುತ್ತಿರುತ್ತಾನೆ. ಕ್ವಾರ್ಟರ್‌ಬ್ಯಾಕ್ ಕಥೆ ಬೇರೆ. ಚೆಂಡು ಕೈಗೆ ಬಂದ ಮೇಲೆ ಅವನ ಕಣ್ಣು ದೂರದಲ್ಲಿ ಓಡುತ್ತಿರುವ ತನ್ನವರ ಮೇಲಿರಬೇಕು. ನುಗ್ಗಿ ಬರುವವರನ್ನು ತಡೆಯೋದು ಅವನ ಮುಂದಿನ ಐದು ದಢೂತಿ ಆಳುಗಳ ಕೆಲಸ. ಅದೇ ಲೈನ್. ಎರಡೂವರೆ, ಮೂರು ಸೆಕೆಂಡ್ ಸಿಕ್ಕರೆ ಪುಣ್ಯ. ಬಲಗೈಯಲ್ಲಿ ಎಸೆಯುವವನ ಬೆನ್ನು ಎಡಗಡೆಗೆ ತಿರುಗಿರುತ್ತದೆ. ಆ ಬೆನ್ನು ಕಾಯುವವನೇ ಲೆಫ್ಟ್ ಟ್ಯಾಕಲ್. ಅವನು ಸೋತರೆ ಏಟು ಎಲ್ಲಿಂದ ಬಂತು ಅಂತಲೂ ಗೊತ್ತಾಗಲ್ಲ.

ಟೆಕ್ಸನ್ಸ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. 2002ರ ಫೆಬ್ರವರಿಯಲ್ಲಿ ಬೇರೆ ತಂಡಗಳು ಬಿಟ್ಟುಕೊಟ್ಟ ಆಟಗಾರರನ್ನು ಆರಿಸಿಕೊಳ್ಳುವ ಅವಕಾಶ ಬಂದಾಗ ಎಲ್ಲರಿಗಿಂತ ಮೊದಲು ತೆಗೆದುಕೊಂಡದ್ದು ಜ್ಯಾಕ್ಸನ್‌ವಿಲ್ ತಂಡದ ಟೋನಿ ಬೊಸೆಲ್ಲಿಯನ್ನು. ಆ ಕಾಲದ ಅತ್ಯುತ್ತಮ ಲೆಫ್ಟ್ ಟ್ಯಾಕಲ್‌ಗಳಲ್ಲಿ ಒಬ್ಬರು. ಮುಂದೆ 2022ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಆದರೆ ಭುಜ ಆಗಲೇ ಹೋಗಿತ್ತು. ಹ್ಯೂಸ್ಟನ್ ಪರ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ, 2003ರಲ್ಲಿ ನಿವೃತ್ತಿ ಹೇಳಿದರು. ಆ ಜಾಗಕ್ಕೆ ಹೊಸ ಹುಡುಗರು, ಬೇರೆ ಜಾಗದವರು, ಹೀಗೆ ಕೈಗೆ ಸಿಕ್ಕವರನ್ನೆಲ್ಲ ನಿಲ್ಲಿಸಿದರು.

ಆ ವರ್ಷ ಡೇವಿಡ್ ಪಾಸ್‌ಗೆ ಅಂತ ಹಿಂದೆ ಸರಿದಾಗೆಲ್ಲ ಸುಮಾರು ಏಳಕ್ಕೊಂದು ಸಲ ನೆಲ ಕಂಡರು. 21 ಸಲ ಚೆಂಡು ಕೈಜಾರಿತು. ಅದರಲ್ಲಿ 12 ಸಲ ತಾವೇ ಬಿದ್ದು ಹಿಡಿದುಕೊಂಡರು. ಇದೂ ಒಂದು ದಾಖಲೆ. ದೈತ್ಯರ ಕಾಲಡಿ ನುಗ್ಗಿ ತನ್ನ ಚೆಂಡನ್ನು ತಾನೇ ಹೆಕ್ಕುವ ಕ್ವಾರ್ಟರ್‌ಬ್ಯಾಕ್! ಆ ವರ್ಷದ ಚಿತ್ರ ನನ್ನ ಕಣ್ಣಲ್ಲಿ ಹೀಗೇ ಉಳಿದಿದೆ. ಆದರೂ 16 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. 9 ಟಚ್‌ಡೌನ್, 15 ಇಂಟರ್‌ಸೆಪ್ಶನ್ (ಎದುರಾಳಿ ಕೈಗೆ ಹೋದ ಎಸೆತ), ತಂಡಕ್ಕೆ ನಾಲ್ಕು ಗೆಲುವು.

ಆ ನಾಲ್ಕರಲ್ಲಿ ಒಂದು ಪಿಟ್ಸ್‌ಬರ್ಗ್ ಮೇಲೆ, 24–6. ಇಡೀ ಪಂದ್ಯದಲ್ಲಿ ಟೆಕ್ಸನ್ಸ್ ಚೆಂಡು ಹಿಡಿದು ಮುಂದೆ ಸಾಗಿದ್ದು ಬರೀ 47 ಯಾರ್ಡ್. ಮೂರು ಟಚ್‌ಡೌನ್ ಮಾಡಿದ್ದು ಡಿಫೆನ್ಸ್‌ನವರು, ಅಂದರೆ ಎದುರಾಳಿಯನ್ನು ತಡೆಯುವವರು. ಡೇವಿಡ್ ಅವರದ್ದು ಆಟ ಅನ್ನೋದಕ್ಕಿಂತ ಹಾಜರಿ ಅನ್ನಬೇಕು.

ಯಾರೂ ಹೇಳದ 2003

ಪಾಪ ಅನ್ನುವವರು ಸಾಮಾನ್ಯವಾಗಿ 76 ಹೇಳಿ, ಅಲ್ಲಿಂದ ನೇರ 68ಕ್ಕೆ ಹಾರುತ್ತಾರೆ. ನಡುವಿನ 2003ರಲ್ಲಿ ಡೇವಿಡ್ ಸ್ಯಾಕ್ ಆದದ್ದು ಬರೀ 15 ಸಲ. ಏಟಾಗಿ ಕೆಲವು ಪಂದ್ಯ ತಪ್ಪಿಹೋದದ್ದು ನಿಜ, 11 ಪಂದ್ಯ ಮಾತ್ರ ಶುರು ಮಾಡಿದರು. ಆದರೂ ಲೆಕ್ಕ ಹಾಕಿ ನೋಡಿ: ಸುಮಾರು ಇಪ್ಪತ್ತಕ್ಕೊಂದು ಸಲ. ಇದು ಯಾವ ತಂಡಕ್ಕೂ ನಾಚಿಕೆ ತರುವ ಲೆಕ್ಕ ಅಲ್ಲ. ಆಂಡ್ರೆ ಜಾನ್ಸನ್ ಎಂಬ ದೊಡ್ಡ ಕೈಗಳ ರಿಸೀವರ್ (ಎಸೆತ ಹಿಡಿಯುವವರು) ಆ ವರ್ಷವೇ ಬಂದರು. ಡೊಮಾನಿಕ್ ಡೇವಿಸ್ ಓಡಿ 1,031 ಯಾರ್ಡ್ ತಂದುಕೊಟ್ಟರು. ಓಟದ ಭಯ ಇದ್ದರೆ ಎದುರಾಳಿ ಕಣ್ಣುಮುಚ್ಚಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಲ್ಲ, ಅಲ್ವಾ?

ಆ ಸೆಪ್ಟೆಂಬರ್ 28ರ ಪಂದ್ಯ ನೋಡಿ. ಜ್ಯಾಕ್ಸನ್‌ವಿಲ್ ಎದುರು 17–20ರ ಹಿನ್ನಡೆ. ಗೋಲ್ ಲೈನ್‌ಗೆ ಒಂದೇ ಯಾರ್ಡ್, ಗಡಿಯಾರದಲ್ಲಿ ಎರಡೇ ಸೆಕೆಂಡ್. ಸುಮ್ನೆ ಒದ್ದು ಮೂರು ಪಾಯಿಂಟ್ ತಗೊಂಡು ಸಮ ಮಾಡಿಕೊಳ್ಳಬಹುದಿತ್ತು. ಕೋಚ್ ಡಾಮ್ ಕೇಪರ್ಸ್ ಒದೆಯೋದು ಬೇಡ ಅಂದರು. ಡೇವಿಡ್ ಚೆಂಡು ಎದೆಗವಚಿಕೊಂಡು ಗುಂಪಿನೊಳಗೆ ತಲೆ ತೂರಿಸಿದರು. ಟಚ್‌ಡೌನ್, 24–20. ಹಿಂದಿನ ವರ್ಷ 76 ಸಲ ನಜ್ಜುಗುಜ್ಜಾದವರು ಮಾಡುವ ಕೆಲಸ ಅಲ್ಲ ಅದು. ಧೈರ್ಯ ಹೋಗಿತ್ತು ಅನ್ನೋ ಮಾತನ್ನು ನಾನು ನಂಬದಿರೋದು ಇದಕ್ಕೇ. ಆಗ ಇನ್ನೂ ಹೋಗಿರಲಿಲ್ಲ.

2004 ಇನ್ನೂ ಚೆನ್ನಾಗಿತ್ತು. 3,531 ಯಾರ್ಡ್, 16 ಟಚ್‌ಡೌನ್, ತಂಡಕ್ಕೆ 7 ಗೆಲುವು 9 ಸೋಲು. ಸ್ಯಾಕ್ ಮಾತ್ರ ಮತ್ತೆ 49ಕ್ಕೆ ಏರಿತ್ತು. ಹೆಚ್ಚಿನವರು ಅದನ್ನು ಗಮನಿಸಲಿಲ್ಲ. ಗ್ರಾಫ್ ಮೇಲಕ್ಕೆ ಹೋಗುತ್ತಿದೆ, ಇನ್ನೊಂದು ವರ್ಷ ನೋಡೋಣ ಅಂದುಕೊಂಡರು.

ಆ ಇನ್ನೊಂದು ವರ್ಷ 2005. ಎರಡೇ ಪಂದ್ಯ ಮುಗಿಯುವಷ್ಟರಲ್ಲಿ ಆಫೆನ್ಸ್, ಅಂದರೆ ದಾಳಿಯ ಆಟ, ನೋಡಿಕೊಳ್ಳುತ್ತಿದ್ದ ಕ್ರಿಸ್ ಪಾಮರ್ ಅವರನ್ನು ಮನೆಗೆ ಕಳಿಸಿದರು. ಮೊದಲ ದಿನದಿಂದ ಡೇವಿಡ್ ಜೊತೆಗಿದ್ದ ಗುರು ಅವರು. 68 ಸ್ಯಾಕ್, ಮತ್ತೆ ಏಳಕ್ಕೊಂದು. 16ರಲ್ಲಿ ಎರಡೇ ಗೆಲುವು. ಕೊನೆಯ ಪಂದ್ಯವನ್ನು ಸ್ಯಾನ್ ಫ್ರಾನ್ಸಿಸ್ಕೊ ಎದುರು ಹೆಚ್ಚುವರಿ ಅವಧಿಯಲ್ಲಿ ಸೋತು, ಅತಿ ಹೆಚ್ಚು ಸೋತ ತಂಡಕ್ಕೆ ಸಿಗುವ ಮುಂದಿನ ಡ್ರಾಫ್ಟ್‌ನ ಮೊದಲ ಆಯ್ಕೆಯನ್ನು ಖಾತ್ರಿ ಮಾಡಿಕೊಂಡರು. ಕೇಪರ್ಸ್ ಕೆಲಸವೂ ಹೋಯಿತು.

68.3

ಈಗ ಪ್ರಕರಣದ ಗಂಟು ಇರುವ ಜಾಗ.

2006ರಲ್ಲಿ ಗ್ಯಾರಿ ಕೂಬಿಯಾಕ್ ಕೋಚ್ ಆಗಿ ಬಂದರು. ಡ್ರಾಫ್ಟ್‌ನಲ್ಲಿ ವಿನ್ಸ್ ಯಂಗ್ ಸಿಗುತ್ತಿದ್ದರು. ಹ್ಯೂಸ್ಟನ್‌ನಲ್ಲೇ ಬೆಳೆದ ಹುಡುಗ, ಟೆಕ್ಸಸ್ ವಿಶ್ವವಿದ್ಯಾಲಯದ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದ ಕ್ವಾರ್ಟರ್‌ಬ್ಯಾಕ್. ಊರಿಗೆ ಊರೇ ಅವರ ಹೆಸರು ಹೇಳುತ್ತಿತ್ತು. ತಂಡ ಡೇವಿಡ್ ಒಪ್ಪಂದವನ್ನು ಮುಂದುವರಿಸಿ, ಮೊದಲ ಆಯ್ಕೆಯಲ್ಲಿ ಡಿಫೆನ್ಸ್‌ನ ಮಾರಿಯೊ ವಿಲಿಯಮ್ಸ್ ಅವರನ್ನು ತಂದಿತು. ವಿನ್ಸ್ ಯಂಗ್ ಹೋಗಿ ಸೇರಿದ್ದು ಎಲ್ಲಿಗೆ ಗೊತ್ತಾ? ಟೆನೆಸಿ ಟೈಟನ್ಸ್‌ಗೆ. ಊರು ಬಿಟ್ಟು ಹೋದ ಅದೇ ಆಯ್ಲರ್ಸ್‌ಗೆ.

ಆ ವರ್ಷದ ಡೇವಿಡ್ ಅಂಕಿಅಂಶ ನೋಡಿದರೆ ಮೊದಲ ನೋಟಕ್ಕೆ ಖುಷಿಯಾಗುತ್ತದೆ. 442 ಪಾಸ್ ಎಸೆದು 302 ತಲುಪಿಸಿದರು. ಶೇಕಡಾ 68.3. ಇಡೀ ಲೀಗ್‌ನಲ್ಲೇ ಅತಿ ಹೆಚ್ಚು. ನವೆಂಬರ್ 19ರಂದು ಬಫಲೊ ಬಿಲ್ಸ್ ಎದುರು ಸತತ 22 ಪಾಸ್ ಗುರಿ ಮುಟ್ಟಿಸಿ ದಾಖಲೆ ಸಮ ಮಾಡಿದರು. ಅಷ್ಟೇ ಅಲ್ಲ, ಆ ದಾಖಲೆಯನ್ನು ಎರಡು ತಿಂಗಳ ಹಿಂದೆ ವಾಷಿಂಗ್ಟನ್‌ನ ಮಾರ್ಕ್ ಬ್ರುನೆಲ್ ಬರೆದದ್ದೂ ಟೆಕ್ಸನ್ಸ್ ಎದುರೇ!

ಡೇವಿಡ್ ಪರ ವಾದಿಸುವವರು ಈ 68.3 ಅನ್ನು ಬ್ರಹ್ಮಾಸ್ತ್ರದ ಹಾಗೆ ತೆಗೆಯುತ್ತಾರೆ. ‘ನೋಡಿ, ಸ್ವಲ್ಪ ಉಸಿರಾಡಲು ಬಿಟ್ಟರೆ ಆಡುತ್ತಿದ್ದ’ ಅಂತ. ಆದರೆ ಬಫಲೊ ಪಂದ್ಯವನ್ನು ಇನ್ನೊಂದು ಸಲ ನೋಡಿ. ಟೆಕ್ಸನ್ಸ್ ಆ ಪಂದ್ಯ 24–21ರಿಂದ ಸೋತಿತು. ಬಫಲೊದ ಲೀ ಎವಾನ್ಸ್ ಮೊದಲ ಕ್ವಾರ್ಟರ್‌ನಲ್ಲೇ 83 ಯಾರ್ಡ್‌ನ ಟಚ್‌ಡೌನ್ ಹಿಡಿದರು. ಅದೂ ಎರಡು ಸಲ. ಎವಾನ್ಸ್ ಒಬ್ಬರೇ ಆ ದಿನ ಹಿಡಿದ ಯಾರ್ಡ್, ಡೇವಿಡ್ ದಿನವಿಡೀ ಎಸೆದ ಒಟ್ಟು ಯಾರ್ಡ್‌ಗಿಂತ ಜಾಸ್ತಿ. ಆ ಕಡೆ ಎರಡು ಎಸೆತಕ್ಕೆ ಹದಿನಾಲ್ಕು ಪಾಯಿಂಟ್. ಈ ಕಡೆ ಇಪ್ಪತ್ತೆರಡು ಸಲ ಸರಿಯಾದ ಕೈಗೆ ಸರಿಯಾದ ಚೆಂಡು ಹೋಗಿಯೂ ಸೋಲು.

ಸೀಸನ್ ಪೂರ್ತಿ ಹೀಗೇ. 442 ಎಸೆತಕ್ಕೆ 2,767 ಯಾರ್ಡ್, ಅಂದರೆ ಎಸೆತಕ್ಕೆ ಆರೂಕಾಲು. ದೂರಕ್ಕೆ ಎಸೆಯಲು ತೋಳಿನಲ್ಲಿ ಬಲ ಕಮ್ಮಿಯಾಗಿತ್ತು ಅಂತಲ್ಲ. ದೂರಕ್ಕೆ ಓಡುವವನಿಗಾಗಿ ಕಾಯಬೇಕು, ಕಾದರೆ ಏಟು ಬರುತ್ತದೆ. ಹಾಗಾಗಿ ಪಕ್ಕದಲ್ಲಿರುವವನಿಗೆ ಕೊಟ್ಟು ಮುಗಿಸು. ಕ್ರಿಕೆಟ್‌ನಲ್ಲಿ ಬೌನ್ಸರ್ ತಲೆಗೆ ತಾಗಿಸಿಕೊಂಡವರು ಆಮೇಲೆ ಪ್ರತಿ ಬಾಲ್‌ಗೂ ಹಿಂಗಾಲಿಗೆ ಹೋಗುತ್ತಾರಲ್ಲ, ಆ ತರ. ಔಟಾಗಲ್ಲ, ರನ್ನೂ ಬರಲ್ಲ. ಎಲ್ಲರೂ ಚೇತರಿಕೆ ಅಂದುಕೊಂಡ 68.3 ನನಗೆ ಗಾಯದ ಗುರುತಾಗಿ ಕಾಣುತ್ತದೆ. ವಿಚಿತ್ರ ಅಂದರೆ, ಇಷ್ಟು ಬೇಗ ಚೆಂಡು ಬಿಟ್ಟರೂ ಸ್ಯಾಕ್ 41 ಆಗಿತ್ತು. ಹತ್ತಿರದವನು ಸಿಗದೇ ಹೋದಾಗ ಮುಂದೇನು ಅನ್ನೋದೇ ತೋಚುತ್ತಿರಲಿಲ್ಲ ಅಂತ ಕಾಣುತ್ತದೆ.

ಡಿಸೆಂಬರ್ 10ಕ್ಕೆ ವಿನ್ಸ್ ಯಂಗ್ ಟೈಟನ್ಸ್ ಜೊತೆ ಊರಿಗೆ ಬಂದರು. ಹೆಚ್ಚುವರಿ ಅವಧಿ. 39 ಯಾರ್ಡ್ ಒಬ್ಬರೇ ಓಡಿ ಪಂದ್ಯ ಮುಗಿಸಿದರು, 26–20. ಹ್ಯೂಸ್ಟನ್ ಜನ ಡೇವಿಡ್ ಬಗ್ಗೆ ತೀರ್ಪು ಬರೆದದ್ದು ಆ ಸಂಜೆ ಅಂತ ನನ್ನ ಅಂದಾಜು. ಪಾಪ, ಆ ಓಟ ತಡೆಯೋದು ಡೇವಿಡ್ ಕೆಲಸ ಆಗಿರಲಿಲ್ಲ.

ಅದೇ ಮನೆ, ಬೇರೆ ಬಾಡಿಗೆದಾರ

2007ರ ಮಾರ್ಚ್‌ನಲ್ಲಿ ಅಟ್ಲಾಂಟದಿಂದ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಶಾಬ್ ಬಂದರು, ಡೇವಿಡ್ ಹೊರಟರು. ಕೋಚ್ ಅದೇ ಕೂಬಿಯಾಕ್. ಲೈನ್‌ಗೆ ದೊಡ್ಡ ಹೆಸರು ಯಾವುದೂ ಸೇರಲಿಲ್ಲ. ಆದರೂ ಇಡೀ ತಂಡದ ಸ್ಯಾಕ್ ಲೆಕ್ಕ 22ಕ್ಕೆ ಇಳಿಯಿತು, ಹಿಂದಿನ ವರ್ಷದ ಹತ್ತಿರತ್ತಿರ ಅರ್ಧ. 8 ಗೆಲುವು, 8 ಸೋಲು.

‘ಲೈನೇ ಇರಲಿಲ್ಲ’ ವಾದಕ್ಕೆ ಇದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಸ್ಯಾಕ್ ಪೂರ್ತಿ ಲೈನ್‌ನ ಲೆಕ್ಕ ಅಲ್ಲ, ಕ್ವಾರ್ಟರ್‌ಬ್ಯಾಕ್ ಪಾಲೂ ಅದರಲ್ಲಿದೆ ಅಂತ ಈಗ ಆಟದ ಅಂಕಿಅಂಶ ನೋಡುವವರು ಹೇಳುತ್ತಾರೆ. ತಂಡ ಬದಲಾದರೂ ಕೆಲವರ ಜೊತೆ ಸ್ಯಾಕ್ ಹೋಗುತ್ತಲೇ ಇರುತ್ತದೆ. ಆಮೇಲೆ ದೊಡ್ಡ ಹೆಸರಾದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ 1998ರಲ್ಲಿ ಮೊದಲ ವರ್ಷ 28 ಇಂಟರ್‌ಸೆಪ್ಶನ್ ಎಸೆದರು, ತಂಡ ಮೂರೇ ಪಂದ್ಯ ಗೆದ್ದಿತು, ಆದರೆ ಸ್ಯಾಕ್ ಆದದ್ದು 22 ಸಲ ಮಾತ್ರ. ಅಪಾಯ ಬರುವ ಮೊದಲೇ ಅವರ ಕೈಯಿಂದ ಚೆಂಡು ಹೋಗಿರುತ್ತಿತ್ತು, ಎದುರಾಳಿ ಕೈಗೇ ಹೋದರೂ ಸರಿ!

ಇನ್ನೊಂದು ಉದಾಹರಣೆ ಹ್ಯೂಸ್ಟನ್‌ನದ್ದೇ. 2018ರಲ್ಲಿ ಇದೇ ಟೆಕ್ಸನ್ಸ್‌ನ ಡಿಶಾನ್ ವಾಟ್ಸನ್ 62 ಸಲ ಸ್ಯಾಕ್ ಆದರು. ಒಂಬತ್ತಕ್ಕೊಂದು. ಆದರೂ 4,165 ಯಾರ್ಡ್, 26 ಟಚ್‌ಡೌನ್, ತಂಡಕ್ಕೆ 11 ಗೆಲುವು. ಅವರು ಬಿದ್ದದ್ದು ಬಹಳ ಸಲ ದೊಡ್ಡದೇನೋ ಹುಡುಕುತ್ತಾ. ಬಿದ್ದು ಎದ್ದು ಮತ್ತೆ ದೂರಕ್ಕೇ ಎಸೆಯುತ್ತಿದ್ದರು.

ಹಾಗಾದರೆ ತಪ್ಪು ಡೇವಿಡ್ ಅವರದ್ದೇನಾ? ಅರ್ಧ ಹೌದು. ಆದರೆ ಮ್ಯಾನಿಂಗ್, ವಾಟ್ಸನ್ ಇಬ್ಬರ ಹೆಸರೂ ಹೇಳುವಾಗ ನಾವು ಮರೆಯೋದು ಒಂದಿದೆ. ಅವರು ಬಂದದ್ದು ಮೊದಲೇ ನಡೆಯುತ್ತಿದ್ದ ತಂಡಗಳಿಗೆ. ಡೇವಿಡ್ ಬಂದದ್ದು ಅಡಿಪಾಯ ತೋಡುತ್ತಿದ್ದ ಜಾಗಕ್ಕೆ. ಬೇಗ ಓದಿ, ಬೇಗ ಎಸೆಯುವ ಅಭ್ಯಾಸ ಮೊದಲ ಎರಡು ವರ್ಷದಲ್ಲೇ ಕೂರಬೇಕು. ಆ ಎರಡರಲ್ಲಿ ಒಂದು ವರ್ಷ 76 ಸಲ ಬಿದ್ದು ಹೋಯಿತು. 2003ರಲ್ಲಿ ಸರಿಯಾಗುವ ಲಕ್ಷಣ ಇತ್ತು. 2005ರಲ್ಲಿ ಮತ್ತೆ ಅದೇ ಗುಂಡಿಗೆ ತಳ್ಳಿದರು. ನನ್ನ ಪ್ರಕಾರ ಕೆಟ್ಟದ್ದು ಮಾಡಿದ್ದು 76 ಅಲ್ಲ, ಆ ಎರಡನೇ ಸಲದ 68. ಒಂದು ಸಲ ಮುರಿದ ಮೂಳೆ ಕೂಡುತ್ತದೆ, ಅದೇ ಜಾಗದಲ್ಲಿ ಮತ್ತೆ ಮುರಿದರೆ ಕಷ್ಟ.

ಹೊಸ ಊರಿನಲ್ಲಿ ಏನಾಯಿತು ಅನ್ನೋದು ಚಿಕ್ಕ ಕಥೆ. ಕೆರೊಲೈನಾದಲ್ಲಿ 2007ರಲ್ಲಿ ಜೇಕ್ ಡೆಲೋಮ್ ಮೊಣಕೈ ಕೈಕೊಟ್ಟಾಗ ಡೇವಿಡ್‌ಗೆ ಅವಕಾಶ ಸಿಕ್ಕಿತು. ನಾಲ್ಕು ಪಂದ್ಯ ಶುರು ಮಾಡಿದರು. 3 ಟಚ್‌ಡೌನ್, 5 ಇಂಟರ್‌ಸೆಪ್ಶನ್. ಶೇಕಡಾ 68.3 ಇದ್ದದ್ದು 54ಕ್ಕೂ ಕೆಳಗೆ ಬಂತು. ನಡುವೆ 43 ವರ್ಷದ ವಿನ್ನಿ ಟೆಸ್ಟವರ್ಡಿಯನ್ನು ಮನೆಯಿಂದ ಕರೆಸಿ ಆಡಿಸಿದರು. ಆಮೇಲೆ ನ್ಯೂಯಾರ್ಕ್ ಜೈಂಟ್ಸ್, ಸ್ಯಾನ್ ಫ್ರಾನ್ಸಿಸ್ಕೊ, ಮತ್ತೆ ಜೈಂಟ್ಸ್. 2012ರ ಫೆಬ್ರವರಿಯಲ್ಲಿ ಜೈಂಟ್ಸ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಾಗ ಡೇವಿಡ್ ತಂಡದಲ್ಲಿದ್ದರು, ಗೆದ್ದವರಿಗೆ ಕೊಡುವ ಉಂಗುರ ಸಿಕ್ಕಿತು. ಆ ಸೀಸನ್‌ನಲ್ಲಿ ಎಲ್ಲ ಎಸೆದದ್ದು ಈಲೈ ಮ್ಯಾನಿಂಗ್. ಸ್ಯಾಮ್ ಡಾರ್ನಲ್ಡ್ ತರ ಮೊದಲ ತಂಡದಲ್ಲಿ ಹಾಳಾದವರು 2024ರಲ್ಲಿ ಮಿನೆಸೋಟ ಪರ 35 ಟಚ್‌ಡೌನ್ ಎಸೆದು 14 ಪಂದ್ಯ ಗೆಲ್ಲಿಸಿದ್ದನ್ನು ನೋಡಿದ ಮೇಲೆ, ಡೇವಿಡ್‌ಗೂ ಒಂದು ಒಳ್ಳೆಯ ಮನೆ ಸಿಕ್ಕಿದ್ದರೆ ಅಂತ ಅಭಿಮಾನಿಗಳಿಗೆ ಅನಿಸೋದು ಸಹಜ. ನನಗೂ ಅನಿಸುತ್ತದೆ. ಕೆರೊಲೈನಾ ನೆನಪಾದರೆ ಸುಮ್ಮನಾಗುತ್ತೇನೆ.

ತಮ್ಮ ಡೆರೆಕ್ ಕಾರ್ ಬಗ್ಗೆಯೂ ಒಂದು ಮಾತು. ಅಣ್ಣ ಹ್ಯೂಸ್ಟನ್‌ನಲ್ಲಿ ಏಟು ತಿನ್ನುತ್ತಿದ್ದ ಕಾಲದಲ್ಲಿ ಡೆರೆಕ್ ಅಲ್ಲೇ ಶುಗರ್ ಲ್ಯಾಂಡ್‌ನ ಹೈಸ್ಕೂಲ್ ಹುಡುಗ. ಹ್ಯೂಸ್ಟನ್ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಊರು ಅದು. 2014ರ ಡ್ರಾಫ್ಟ್‌ನಲ್ಲಿ ಟೆಕ್ಸನ್ಸ್ ಕೈಯಲ್ಲಿ 1ನೇ ಮತ್ತು 33ನೇ ಆಯ್ಕೆ ಎರಡೂ ಇದ್ದವು. ಎರಡು ಸಲವೂ ಡೆರೆಕ್ ಅವರನ್ನು ಬಿಟ್ಟರು. 36ನೇ ಆಯ್ಕೆಯಾಗಿ ರೇಡರ್ಸ್ ತಂಡಕ್ಕೆ ಹೋದ ಅವರು ವರ್ಷಗಟ್ಟಲೆ ಆಡಿದರು. ಕಾರ್ ಅನ್ನೋ ಹೆಸರು ಹ್ಯೂಸ್ಟನ್‌ನಲ್ಲಿ ಮತ್ತೆ ಬೇಡವಾಗಿತ್ತು ಅಂತ ಅಭಿಮಾನಿಗಳು ಈಗಲೂ ನಗುತ್ತಾರೆ.

ಇನ್ನು ತಂಡದ ಪಾಲಿನ ಅರ್ಧ. ಅದಕ್ಕೆ ವಾದ ಬೇಡ, ಡ್ರಾಫ್ಟ್‌ನ ಪಟ್ಟಿ ಸಾಕು. ಮೊದಲ ಸುತ್ತಿನಲ್ಲಿ 2003ರಲ್ಲಿ ರಿಸೀವರ್ ಆಂಡ್ರೆ ಜಾನ್ಸನ್. 2004ರಲ್ಲಿ ಡುಂಟಾ ರಾಬಿನ್ಸನ್, ಜೇಸನ್ ಬೇಬಿನ್, ಇಬ್ಬರೂ ಡಿಫೆನ್ಸ್. 2005ರಲ್ಲಿ ಟ್ರ್ಯಾವಿಸ್ ಜಾನ್ಸನ್, ಡಿಫೆನ್ಸ್. 2006ರಲ್ಲಿ, 68 ಸ್ಯಾಕ್ ಆದ ವರ್ಷದ ಬೆನ್ನಿಗೇ, ಮಾರಿಯೊ ವಿಲಿಯಮ್ಸ್, ಡಿಫೆನ್ಸ್. 2007ರಲ್ಲಿ ಅಮೋಬಿ ಒಕೋಯೆ, ಮತ್ತೆ ಡಿಫೆನ್ಸ್. ಟೆಕ್ಸನ್ಸ್ ಮೊದಲ ಸುತ್ತಿನಲ್ಲಿ ಒಬ್ಬ ಲೆಫ್ಟ್ ಟ್ಯಾಕಲ್‌ನನ್ನು ಆರಿಸಿದ್ದು 2008ರ ಏಪ್ರಿಲ್‌ನಲ್ಲಿ, ಡ್ವೇನ್ ಬ್ರೌನ್ ಅವರನ್ನು. ಮುಂದೆ ವರ್ಷಗಟ್ಟಲೆ ಆ ಜಾಗ ಭದ್ರವಾಗಿತ್ತು. ಡೇವಿಡ್ ಕಾರ್ ಆ ಹೊತ್ತಿಗೆ ಜೈಂಟ್ಸ್ ಸೇರಿ ಒಂದು ತಿಂಗಳಾಗಿತ್ತು.